ಮಂಗಳನೌಕೆಯ ತಂತಿಯೂ ಹಳೇ ಡಿವಿಡಿಯೂ

ಮಂಗಳವಾಸಿಗಳು ಭೂಮಿಯ ಮೇಲೆ ದಾಳಿಯಿಡುವ 1953ರ ಸಿನಿಮಾ ‘ದ ವಾರ್ ಆಫ್ ದ ವರ್ಲ್ಡ್ಸ್’ನ ಹಳೇ ಡಿವಿಡಿ ಹಾಕಿದವರು ಮೊದಲು ನಗುವುದೇ ತಂತಿ ನೋಡಿ. ಹಳ್ಳದಿಂದ ತಾಮ್ರದ ನೌಕೆ ಗಂಭೀರವಾಗಿ ಏಳುತ್ತದೆ, ನೆತ್ತಿಯ ಮೇಲೆ ತಂಬೂರಿ ತಂತಿ ಬಿಗಿದ ಹಾಗೆ ಗೆರೆಗಳು. ನೌಕೆಯೊಂದಕ್ಕೆ ಹದಿನೈದರಷ್ಟು, ತೂಗುಹಾಕಲೂ ಅವೇ, ಕರೆಂಟ್ ಒಯ್ಯಲೂ ಅವೇ. ಒಂದೊಂದೇ ಫ್ರೇಮ್ ಕೂತು ಅಳಿಸದೆ ಇವು ಹೋಗಲ್ಲ ಅಂತ ಬಲ್ಲವರೆಲ್ಲ ತೀರ್ಪು ಕೊಟ್ಟಿದ್ದರು. ಹೋದವು. 2005ರ ಡಿವಿಡಿಯಿಂದಲೇ, ಒಂದು ಫ್ರೇಮನ್ನೂ ಕೈಯಲ್ಲಿ ತಿದ್ದದೆ.

ಮೊದಲು ನಾನೂ ಅಳಿಸಲು ಹೋದವನೇ. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್, ಎರಡು ರಾತ್ರಿಯ ಕೆಲಸ. ಓಡಿಸಿ ನೋಡಿದರೆ ತಂತಿಯೇನೋ ಇಲ್ಲ, ಅದಿದ್ದ ಜಾಗದ ಆಕಾಶ ಹುಳ ಬಿಟ್ಟಂತೆ ಕುದಿಯುತ್ತಿತ್ತು. ಆಮೇಲೆ ಬ್ರೈಟ್‌ನೆಸ್ ಇಳಿಸಿದೆ. ತಂತಿ ಮುಳುಗುವ ಹೊತ್ತಿಗೆ ಬೈಬಲ್ ಎತ್ತಿ ಹಿಡಿದು ನಡೆಯುವ ಪಾದ್ರಿಯೂ ಮುಳುಗಿದ.

ದೊಡ್ಡ ಪೆಟ್ಟು ಬಿದ್ದದ್ದು ಡಿನಾಯ್ಸ್ ಮಾಡಿದಾಗ, ಅಂದರೆ ಚಿತ್ರದ ಮೇಲಿನ ಕಾಳುಕಾಳನ್ನು ಒರೆಸಿದಾಗ. ಚಿತ್ರ ತೊಳೆದಿಟ್ಟ ಹಾಗಾಯಿತು, ತಂತಿ ಇನ್ನೂ ಚೊಕ್ಕವಾಗಿ ಕಂಡಿತು! ತಂತಿ ನೌಕೆಯ ಜೊತೆಗೇ ಚಲಿಸುತ್ತದೆ, ಹಾಗಾಗಿ ಮೋಷನ್ ಲೆಕ್ಕ ಹಾಕುವ ಫಿಲ್ಟರ್ ಅದನ್ನು ವಸ್ತು ಎಂದೇ ತಿಳಿದು ಜೋಪಾನ ಮಾಡುತ್ತದೆ. ಅದನ್ನು ಮುಚ್ಚಿಟ್ಟಿದ್ದ ಗ್ರೇನ್ (ಫಿಲ್ಮಿನ ಆ ಕಾಳುಕಾಳು) ಮಾತ್ರ ಹೋಗಿರುತ್ತದೆ. ದಾರಿ ಹೊಳೆದದ್ದು ಅಲ್ಲೇ. ಅಂದಿನ ಥಿಯೇಟರಿನ ಟೆಕ್ನಿಕಲರ್ ಪ್ರಿಂಟ್‌ನಲ್ಲಿ ಮೂರು ಬಣ್ಣ ಒಂದರ ಮೇಲೊಂದು ಕೂತು ಅಂಚು ಒಂಚೂರು ಹರಡುತ್ತಿತ್ತು, ಕಪ್ಪು ಗಾಢವಾಗಿರುತ್ತಿತ್ತು, ತಂತಿ ಅದರಲ್ಲೇ ಕರಗುತ್ತಿತ್ತು. ಡಿವಿಡಿ ಮಾಡುವಾಗ ಅಂಚು ಹರಿತ ಮಾಡಿ ಒಂದೂವರೆ ಪಿಕ್ಸೆಲ್‌ನ ತಂತಿಯನ್ನು ನಾಲ್ಕು ಪಿಕ್ಸೆಲ್ ಮಾಡಿಟ್ಟಿದ್ದಾರೆ. ಅರ್ಧ ಕಾಣುವುದು ತಂತಿಯಲ್ಲ, ಅದರ ಹ್ಯಾಲೋ, ಅಂದರೆ ಹರಿತ ಮಾಡಿದ್ದಕ್ಕೆ ಅಂಚಿನ ಸುತ್ತ ಹುಟ್ಟಿದ ಸುಳ್ಳು ಗೆರೆ.

ಡಿವಿಡಿಯನ್ನು ಕಂಪ್ಯೂಟರಿಗೆ ರಿಪ್ ಮಾಡಿ, ಪುಲ್‌ಡೌನ್ (ಟಿವಿ ವೇಗಕ್ಕೆ ಹೊಂದಿಸಲು ಸೇರಿಸಿದ ಹೆಚ್ಚುವರಿ ಫ್ರೇಮ್) ತೆಗೆದು ಸೆಕೆಂಡಿಗೆ 23.976 ಫ್ರೇಮ್‌ಗೆ ಇಳಿಸಿ. ಎರಡು ಫ್ರೇಮ್ ಬೆರೆತು ಏಳುವ ಬಾಚಣಿಗೆ ಹಲ್ಲಿನಂಥ ಗೆರೆ ಒಂದು ಫ್ರೇಮ್‌ನಲ್ಲಿ ಉಳಿದರೂ ಮುಂದೆ ತಂತಿ ಜೋಡಿಯಾಗುತ್ತದೆ. ಹಿಗ್ಗಿಸುವ ಮೊದಲೇ ಹ್ಯಾಲೋ ತೆಗೆಯುವ ಡಿಹ್ಯಾಲೋ ಫಿಲ್ಟರ್, ಅಡ್ಡಕ್ಕೆ 2.4, ಉದ್ದಕ್ಕೆ 1. ತಂತಿ ನಿಂತ ಗೆರೆಯಲ್ಲವೇ, ಅಡ್ಡಕ್ಕೇ ಜಾಸ್ತಿ ಬೇಕು. ಕಪ್ಪು ಹ್ಯಾಲೋ ಎಷ್ಟು ಅಳಿಯಬೇಕೆನ್ನುವ ಡಾರ್ಕ್ ಸ್ಟ್ರೆಂತ್ ಎಷ್ಟೆಂಬುದು ನನ್ನ ಹತ್ತಿರವೇ ಇರಲಿ, ಒಂದು ವಾರ ತಿಂದ ಸಂಖ್ಯೆ ಅದು. ಆಮೇಲೆ 1440x1080ಕ್ಕೆ ಹಿಗ್ಗಿಸಿ ನೌಕೆಯ ಮೇಲಿನ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಅಡ್ಡಕ್ಕೆ ಒಂದು ಪಿಕ್ಸೆಲ್ ಬ್ಲರ್. ಕೊನೆಗೆ ಇಡೀ ಚಿತ್ರಕ್ಕೆ ಹೊಸದಾಗಿ ಗ್ರೇನ್, ಲೂಮಾಗೆ (ಬೆಳಕಿನ ಭಾಗಕ್ಕೆ, ಬಣ್ಣಕ್ಕಲ್ಲ) ಮಾತ್ರ, ಬಲ ಆರರಿಂದ ಎಂಟು. ಮಾಸ್ಕ್ ಒಳಗಷ್ಟೇ ಹಾಕಿದರೆ ತೇಪೆ ಎದ್ದು ಕಾಣುತ್ತದೆ.

ಎನ್‌ಕೋಡ್‌ನಲ್ಲಿ ಜಿಪುಣತನ ಮಾಡಬೇಡಿ. ಸಿಆರ್‌ಎಫ್ (ಗುಣಮಟ್ಟದ ಸಂಖ್ಯೆ, ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು) 23 ಇಟ್ಟಾಗ ಎನ್‌ಕೋಡರ್ ಗ್ರೇನ್ ನುಂಗಿ ತಂತಿಯನ್ನು ವಾಪಸ್ ಕೊಟ್ಟಿತು. 16 ಇಡಿ, ಜೊತೆಗೆ ಗ್ರೇನ್ ಉಳಿಸುವ ‘ಟ್ಯೂನ್ ಗ್ರೇನ್’. 85 ನಿಮಿಷಕ್ಕೆ 12 ಜಿಬಿ ಆಸುಪಾಸು.

ಒಂದು ಅಡ್ಡಪ್ರಯೋಗವನ್ನೂ ಮಾಡಿದೆ. ಪ್ರಿಂಟ್‌ನ ಬಣ್ಣ ಹರಡಿದಂತೆ ಕಾಣಲೆಂದು ಕೆಂಪು ಚಾನೆಲನ್ನು ಅರ್ಧ ಪಿಕ್ಸೆಲ್ ಸರಿಸಿದೆ. ಲಾಸ್ ಏಂಜಲಿಸ್ ಬೀದಿಯಲ್ಲಿ ಸೊಗಸು, ಮುಖ ಹತ್ತಿರ ಬಂದರೆ ಎಲ್ಲರೂ ಎಲೆಅಡಿಕೆ ಹಾಕಿದವರೇ. ಬಿಟ್ಟೆ. ಧ್ವನಿಯನ್ನು 5.1 ಮಾಡಲು ಹೋಗಿಯೂ ಕೆಟ್ಟೆ. ನೌಕೆಯ ಸುಡುವ ಕಿರಣದ ಸದ್ದು ಮೂರು ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಹಿಂದುಮುಂದಾಗಿ ನುಡಿಸಿ ಮಾಡಿದ್ದು, ಹಿಂದಿನ ಸ್ಪೀಕರ್‌ಗೆ ಹಂಚಿದರೆ ಅದರ ಮೊನಚೇ ಹೋಗುತ್ತದೆ.

ತೋರಿಸಲು ನನಗಾದ ಖರ್ಚು: ಸೆಕೆಂಡ್‌ಹ್ಯಾಂಡ್ ಡಿಎಲ್‌ಪಿ ಪ್ರೊಜೆಕ್ಟರ್ 22 ಸಾವಿರ, ಡೂಪ್ಲಿಕೇಟ್ ಲ್ಯಾಂಪ್ ನಾಲ್ಕೂವರೆ (ಮುನ್ನೂರು ಗಂಟೆಗೇ ಹಾರಿತು, ಒರಿಜಿನಲ್‌ಗೆ ಮತ್ತೆ ಒಂಬತ್ತು), ಪರದೆಗೆ ಪ್ಲೈವುಡ್ಡು, ಬೂದು ಬಣ್ಣ, ಕಪ್ಪು ವೆಲ್ವೆಟ್ ಸೇರಿ ಮೂರು ಸಾವಿರ ಚಿಲ್ಲರೆ. 16:9ರ ಪರದೆಯ ಎತ್ತರ 42 ಇಂಚಾದರೆ, ಅಗಲ ಎತ್ತರದ 1.37 ಪಟ್ಟಿರುವ ಈ ಚಿತ್ರಕ್ಕೆ ಎರಡೂ ಬದಿ ಎಂಟೂವರೆ ಇಂಚು ವೆಲ್ವೆಟ್ ಬೇಕು. ಅದಿಲ್ಲದಿದ್ದರೆ ಪಕ್ಕದ ಬೂದು ಪಟ್ಟಿಯ ಮುಂದೆ ಕಪ್ಪು ಕಪ್ಪಾಗಿ ಕಾಣಲ್ಲ, ಪಟ್ಟ ಪಾಡೆಲ್ಲ ನೀರಿಗೆ. ಪ್ರೊಜೆಕ್ಟರ್‌ನ ಗಾಮಾ (ಕತ್ತಲಿಂದ ಬೆಳಕಿಗೆ ಏರುವ ಬಗೆ) 2.4. ಪ್ರೊಜೆಕ್ಟರ್‌ನ ಶಾರ್ಪ್‌ನೆಸ್ ಸೊನ್ನೆ. ಕೆಲವು ಮಾಡೆಲ್‌ಗಳಲ್ಲಿ ನಿಜವಾದ ಸೊನ್ನೆ ನಡುವೆ ಎಲ್ಲೋ ಇರುತ್ತದೆ, ಟೆಸ್ಟ್ ಪ್ಯಾಟರ್ನ್ ಹಾಕಿ ಹುಡುಕಿ.

‘2020ರ ಬ್ಲೂರೇ, 2022ರ 4ಕೆ ಇದೆಯಲ್ಲ, ತಂತಿ ಅವರೇ ತೆಗೆದಿದ್ದಾರೆ’ ಅನ್ನುತ್ತೀರಿ. ಗೊತ್ತು. ಬ್ಲೂರೇ ಡಿಸ್ಕ್‌ಗೂ ಪ್ಲೇಯರ್‌ಗೂ ಪ್ರದೇಶದ ಬೀಗ (ರೀಜನ್) ಇರುತ್ತದೆ, ಆ ಬ್ಲೂರೇ ರೀಜನ್ ಎ, ನಮ್ಮ ಪ್ಲೇಯರ್ ಸಿ. 4ಕೆಗೆ ರೀಜನ್ ತಕರಾರಿಲ್ಲ, ಪ್ಲೇಯರ್ ಬದಲಾಗಬೇಕು, 4ಕೆಯಾಗಿಯೇ ನೋಡಬೇಕೆಂದರೆ ಪ್ರೊಜೆಕ್ಟರೂ. ಬಣ್ಣದಲ್ಲಿ ನನ್ನದು ಅದರ ಹತ್ತಿರಕ್ಕೂ ಸುಳಿಯದು, ಒಪ್ಪಿದೆ. ಆದರೆ ತಂತಿ ಹೋಗಲ್ಲ ಎಂದು ಬಾಜಿ ಕಟ್ಟಿದ್ದ ಇಬ್ಬರು ಎಂಟು ಅಡಿ ದೂರದಲ್ಲಿ ಕೂತು ಇಡೀ ಸಿನಿಮಾದಲ್ಲಿ ತೋರಿಸಿದ್ದು ಎರಡೇ ಜಾಗ, ಅದರಲ್ಲಿ ಒಂದು ಬೀದಿಯ ವಿದ್ಯುತ್ ತಂತಿ. ಇನ್ನೊಂದು ನಿಜ. ಹಳ್ಳದಿಂದ ಮೊದಲ ನೌಕೆ ಏಳುವಾಗ ಎಡತುದಿಯ ಒಂದು ಎಳೆ ಅರೆಕ್ಷಣ ಮಿಂಚುತ್ತದೆ. ಅಲ್ಲಿ ಬ್ಲರ್ ಎರಡಕ್ಕೇರಿಸಿದರೆ ಹಿಂದಿನ ಗುಡ್ಡದ ಅಂಚು ಹೋಗುತ್ತೆ. ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.