ನಿರ್ಬಂಧದ ಸುದ್ದಿ ಬಂದಾಗ ಅದನ್ನು ತೂಗಿ ನೋಡುವುದು ಹೇಗೆ

ಟಿವಿಯಲ್ಲಿ ‘ಕಠಿಣ ಆರ್ಥಿಕ ನಿರ್ಬಂಧ’ ಅಂತ ಕೆಂಪು ಪಟ್ಟಿ ಓಡಿದ ಅರ್ಧ ಗಂಟೆಯಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪು ಎರಡು ಪಾಲಾಗುತ್ತದೆ. ಒಬ್ಬರು ‘ಸರಿಯಾಗಿ ಬುದ್ಧಿ ಕಲಿಸಿದರು’ ಅಂತಾರೆ, ಇನ್ನೊಬ್ಬರು ‘ಇದರಿಂದ ಏನೂ ಆಗಲ್ಲ ಬಿಡಿ’ ಅಂತಾರೆ. ಇಬ್ಬರೂ ಸುದ್ದಿ ಪೂರ್ತಿ ಓದಿರುವುದಿಲ್ಲ. ಇಂಥ ಸುದ್ದಿ ಬಂದಾಗ ನಾನು ಒಂದು ಚೀಟಿಯಲ್ಲಿ ಕೆಲವು ಪ್ರಶ್ನೆ ಬರೆದುಕೊಳ್ಳುತ್ತೇನೆ. ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಮೊದಲು: ಕೇಳುತ್ತಿರುವುದು ಏನು?

ಎದುರಿನವನು ಏನು ಮಾಡಿದರೆ ನಿರ್ಬಂಧ ತೆಗೆಯುತ್ತಾರೆ ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಅಲ್ಲೇ ಅನುಮಾನ ಪಡಿ.

1988ರಲ್ಲಿ ಸ್ಕಾಟ್‌ಲೆಂಡಿನ ಲಾಕರ್‌ಬಿ ಮೇಲೆ ಪ್ಯಾನ್ ಆ್ಯಮ್ ವಿಮಾನ ಸ್ಫೋಟಗೊಂಡು 270 ಜನ ಸತ್ತರು. ಲಿಬಿಯಾದ ಇಬ್ಬರು ಆರೋಪಿಗಳನ್ನು ಒಪ್ಪಿಸು ಅಂತ ವಿಶ್ವಸಂಸ್ಥೆ 1992ರಲ್ಲಿ ಲಿಬಿಯಾ ಮೇಲೆ ನಿರ್ಬಂಧ ಹಾಕಿತು. ಬೇಡಿಕೆ ಸ್ಪಷ್ಟವಾಗಿತ್ತು. ಏಳು ವರ್ಷ ಎಳೆದಾಡಿದರೂ 1999ರಲ್ಲಿ ಅಲ್ಲಿನ ಆಡಳಿತಗಾರ ಗದ್ದಾಫಿ ಇಬ್ಬರನ್ನೂ ಒಪ್ಪಿಸಿದ. ಈಗ ಕ್ಯೂಬಾ ನೋಡಿ. 1962ರಿಂದ ಅಮೆರಿಕದ ವ್ಯಾಪಾರ ನಿರ್ಬಂಧ ಇದೆ, ಬೇಡಿಕೆಯ ತಿರುಳು ‘ನಿಮ್ಮ ಸರ್ಕಾರದ ವ್ಯವಸ್ಥೆಯೇ ಬದಲಾಗಲಿ’ ಅನ್ನುವುದು. ಕೂತ ಕುರ್ಚಿಯ ಕಾಲನ್ನು ತಾನೇ ಗರಗಸ ಹಿಡಿದು ಕೊಯ್ಯುವವರು ಯಾರಿದ್ದಾರೆ ಹೇಳಿ?

ನೋವಾಗಿದ್ದನ್ನು ಗೆಲುವು ಅಂತ ಎಣಿಸಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. ‘ಅವರ ಹಣದ ಬೆಲೆ ಬಿತ್ತು, ಅಂಗಡಿಗಳು ಖಾಲಿ’ ಅಂತ ಸುದ್ದಿ ಬಂದರೆ ನಿರ್ಬಂಧ ಗೆದ್ದಿತು ಅಂತಲ್ಲ. ನಿಮ್ಮ ಚೀಟಿಯ ಮೊದಲ ಸಾಲು ನೆರವೇರಿತಾ? ಅಷ್ಟೇ ನೋಡಿ.

ನಮ್ಮದೇ ಉದಾಹರಣೆ ಇದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕ ನೆರವು ನಿಲ್ಲಿಸಿತು, ತಂತ್ರಜ್ಞಾನದ ಬಾಗಿಲು ಮುಚ್ಚಿತು. ಆಗಸ್ಟ್‌ನಲ್ಲಿ ಸ್ಟೇಟ್ ಬ್ಯಾಂಕ್ ‘ರಿಸರ್ಜೆಂಟ್ ಇಂಡಿಯಾ ಬಾಂಡ್’ ಮಾರಿ ಅನಿವಾಸಿ ಭಾರತೀಯರಿಂದ ಸುಮಾರು 420 ಕೋಟಿ ಡಾಲರ್ ತಂದಿತು. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕವೇ ನಿರ್ಬಂಧ ಎತ್ತಿತು. ಬಾಂಬು ಎಲ್ಲಿಗೂ ಹೋಗಲಿಲ್ಲ.

ಆದರೆ ಬೆಂಗಳೂರಿನಿಂದ ನೋಡಿದರೆ ಕತೆ ಇನ್ನೂ ಇದೆ. ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣದ ಕೆಲಸಕ್ಕೆ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಅನ್ನುವ ವಿಮಾನ ಕಂಪನಿಯ ಜೊತೆ ಕೂತಿದ್ದರು. ಪರೀಕ್ಷೆ ಆದ ಮೇಲೆ ಅವರನ್ನು ವಾಪಸ್ ಕಳಿಸಿದರು. ಇಲ್ಲಿಗೆ ಬಂದು ಎಡಿಎ, ಎನ್‌ಎಎಲ್ ಅನ್ನುವ ಬೆಂಗಳೂರಿನ ಸರ್ಕಾರಿ ವಿಮಾನ ಸಂಸ್ಥೆಗಳವರು ಉಳಿದ ಕೆಲಸವನ್ನು ತಾವೇ ಮುಗಿಸಿದರು. 2001ರ ಜನವರಿ 4ರಂದು ಆ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿತು, ಅದೇ ಮುಂದೆ ತೇಜಸ್ ಆಯಿತು. ಇದನ್ನು ಕೇಳಿ ಎದೆ ಉಬ್ಬುತ್ತದೆ, ಸಹಜ. ಆದರೆ ‘ನಿರ್ಬಂಧ ಹಾಕಿದ್ದೇ ಒಳ್ಳೆಯದಾಯಿತು’ ಅನ್ನುವವರಿಗೆ ಇಸ್ರೋದ ಕ್ರಯೋಜೆನಿಕ್ ಎಂಜಿನ್ (ಅತಿ ತಣ್ಣಗಿನ ದ್ರವ ಇಂಧನದ ರಾಕೆಟ್ ಎಂಜಿನ್) ನೆನಪಿಸಿ. ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಆಗಿತ್ತು. 1992ರಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹಾಕಿತು, ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡುವುದಿಲ್ಲ, ಸಿದ್ಧ ಎಂಜಿನ್ ಮಾತ್ರ ಅಂತ ಹಿಂದೆ ಸರಿಯಿತು. ನಾವೇ ಮಾಡಿದ ಎಂಜಿನ್ 2010ರಲ್ಲಿ ಕೈಕೊಟ್ಟು, ಕೊನೆಗೆ 2014ರ ಜನವರಿ 5ರಂದು ರಾಕೆಟ್ಟನ್ನು ಕಕ್ಷೆ ಮುಟ್ಟಿಸಿತು. ಎಂಜಿನ್ ಬಂತು ನಿಜ. ಇಪ್ಪತ್ತು ವರ್ಷವೂ ಹೋಯಿತಲ್ವಾ? ನಿರ್ಬಂಧಕ್ಕೆ ಮನಸ್ಸು ಬದಲಿಸುವ ಶಕ್ತಿ ಕಡಿಮೆ, ಕೆಲಸ ತಡ ಮಾಡಿಸುವ ಶಕ್ತಿ ಜಾಸ್ತಿ. ನನ್ನ ಲೆಕ್ಕ ಇದು.

ಅಂಕಿ ಬೇಕು ಅನ್ನುವವರಿಗೆ: ಅರ್ಥಶಾಸ್ತ್ರಜ್ಞ ಹಫ್‌ಬಾವರ್ ಮತ್ತು ಜೊತೆಗಾರರು ನಿರ್ಬಂಧದ 115 ಪ್ರಕರಣ ನೋಡಿ 40 ಯಶಸ್ವಿ ಅಂದರು. ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪೇಪ್ 1997ರಲ್ಲಿ ಅದೇ 40ನ್ನು ಕೆದಕಿದಾಗ ಅವರ ಲೆಕ್ಕದಲ್ಲಿ ನಿಂತದ್ದು 5 ಮಾತ್ರ, ಯಾಕೆಂದರೆ ಉಳಿದವುಗಳಲ್ಲಿ ಎಷ್ಟೋ ಕಡೆ ಕೆಲಸ ಮಾಡಿದ್ದು ಬಂದೂಕು. ಹಾಗಾಗಿ ‘ಗೆಲುವು’ ಅನ್ನುವ ಪದ ಕಂಡಾಗ ಯಾರ ಅಳತೆಗೋಲು ಅಂತ ಕೇಳಿ.

ತೂತು ಎಲ್ಲಿದೆ?

ರಷ್ಯಾ ವಿಷಯದಲ್ಲಿ ಇದನ್ನು ದಿನವೂ ನೋಡಬಹುದು. 2022ರ ಡಿಸೆಂಬರಿನಲ್ಲಿ ಜಿ7 ಅನ್ನುವ ಶ್ರೀಮಂತ ದೇಶಗಳ ಕೂಟ ರಷ್ಯಾದ ಕಚ್ಚಾ ತೈಲದ ಬೆಲೆಗೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿತು, ರಷ್ಯಾ ಹಳೇ ಟ್ಯಾಂಕರ್ ಕೊಂಡು ಸಾಗಿಸಿತು. ಆ ಎಣ್ಣೆ ಕೊಂಡವರಲ್ಲಿ ನಾವೂ ಇದ್ದೇವೆ. ಉಕ್ರೇನ್ ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ, 2023ರಲ್ಲಿ ಮೂರನೇ ಒಂದು ಭಾಗ ದಾಟಿತು. ಮಾರುವವನಿಗೆ ಇನ್ನೊಂದು ಸಂತೆ ಸಿಕ್ಕರೆ ಈ ಸಂತೆಯ ಬಾಗಿಲು ಹಾಕಿ ಏನು ಪ್ರಯೋಜನ?

ಬಿಲ್ಲು ಯಾರ ಮನೆಗೆ ಹೋಗುತ್ತಿದೆ?

ನ್ಯಾಯದ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಕುವೈತ್ ಮೇಲೆ ಬಿದ್ದ ಇರಾಕಿಗೆ 1990ರ ಆಗಸ್ಟ್ 6ರಂದು ವಿಶ್ವಸಂಸ್ಥೆ ಹೆಚ್ಚುಕಮ್ಮಿ ಎಲ್ಲ ವ್ಯಾಪಾರವನ್ನೂ ಕಡಿದು ಹಾಕಿತು. ಯುದ್ಧದ ಬಾಂಬಿಗೆ ವಿದ್ಯುತ್ ಸ್ಥಾವರಗಳು ಹೋಗಿದ್ದವು, ನೀರು ಶುದ್ಧಮಾಡುವ ಘಟಕಗಳು ಕುಂಟುತ್ತಿದ್ದವು. ಕ್ಲೋರಿನ್ ತರಿಸೋಣ ಅಂದರೆ ಅದರಿಂದ ರಾಸಾಯನಿಕ ಅಸ್ತ್ರವೂ ಆಗುತ್ತದೆ ಅನ್ನುವ ಆಕ್ಷೇಪ. ಅಲ್ಲಿನ ಸರ್ವಾಧಿಕಾರಿ ಸದ್ದಾಂ ಅರಮನೆ ಕಟ್ಟಿಸುವುದು ನಿಲ್ಲಲಿಲ್ಲ. ಬದಲಿಗೆ ಜನರ ಹಿಟ್ಟು, ಸಕ್ಕರೆ, ಎಣ್ಣೆ ಎಲ್ಲವೂ ಸರ್ಕಾರದ ರೇಷನ್ ಕಾರ್ಡಿಗೆ ಬಂದು ನಿಂತಿತು. ಅನ್ನ ಕೊಡುವ ಕೈಯೇ ಅವನದಾದ ಮೇಲೆ ಅವನ ವಿರುದ್ಧ ಏಳುವವರು ಯಾರು? ಅಲ್ಲಿ ವಿಶ್ವಸಂಸ್ಥೆಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಕೊಟ್ಟರು.

ಒಂದು ಎಚ್ಚರಿಕೆ. ‘5 ಲಕ್ಷ ಮಕ್ಕಳು ಸತ್ತರು’ ಅನ್ನುವ ಅಂಕಿ ಇಂದಿಗೂ ಓಡಾಡುತ್ತದೆ. 2003ರ ನಂತರ ನಡೆದ ಸಮೀಕ್ಷೆಗಳಲ್ಲಿ ಅಷ್ಟು ದೊಡ್ಡ ಏರಿಕೆ ಕಾಣಲಿಲ್ಲ. ಅದನ್ನು ಬಿಟ್ಟೇ ವಾದ ಮಾಡಿ, ಕಷ್ಟ ನಿಜವಾಗಿಯೇ ಇತ್ತು.

ತೀರ್ಪು ಕೊಟ್ಟವರು ಯಾರು?

ಹಳ್ಳಿಯಲ್ಲಿ ಬಹಿಷ್ಕಾರ ಕಂಡವರಿಗೆ ಗೊತ್ತು, ದೊಡ್ಡಮನೆಯವನೊಬ್ಬನೇ ‘ಅವನಿಗೆ ನೀರು ಬೆಂಕಿ ಕೊಡಬೇಡಿ’ ಅಂದರೆ ಅದು ದಬ್ಬಾಳಿಕೆ. ದೇಶಗಳ ಮಟ್ಟದಲ್ಲೂ ಇದನ್ನೇ ನೋಡಿ. ಜೊತೆಗೆ, ಪೆಟ್ಟು ತಿನ್ನುವ ಜನ ತಾವೇ ‘ಹಾಕಿ’ ಅಂತ ಕೇಳುತ್ತಿದ್ದಾರಾ? ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ನಿರ್ಬಂಧ ಹಾಕಿ ಅಂತ ಅಲ್ಲಿನ ಕರಿಯರ ನಾಯಕರೇ ಕೇಳಿದ್ದರು. ಭಾರತ 1946ರಲ್ಲೇ, ಸ್ವಾತಂತ್ರ್ಯಕ್ಕೂ ಮುಂಚೆ, ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ನಮ್ಮ ಟೆನಿಸ್ ತಂಡ ಎದುರಾಳಿ ದಕ್ಷಿಣ ಆಫ್ರಿಕಾ ಅಂತ ಆಡಲೇ ಇಲ್ಲ. ಅವರು ಒಂದು ಚೆಂಡೂ ಹೊಡೆಯದೆ ಕಪ್ ಒಯ್ದರು. ತಾನೂ ಕಳೆದುಕೊಳ್ಳಲು ತಯಾರಿರುವವನ ನಿರ್ಬಂಧಕ್ಕೆ ನಾನು ಸ್ವಲ್ಪ ಜಾಸ್ತಿ ಮರ್ಯಾದೆ ಕೊಡುತ್ತೇನೆ.

ಕೊನೆಗೆ: ಹೊರಬರುವ ಬಾಗಿಲು ಇದೆಯಾ?

ಹೇಳಿದಂತೆ ಕೇಳಿದ ಮೇಲೂ ನಿರ್ಬಂಧ ತೆಗೆಯದಿದ್ದರೆ, ತೆಗೆದು ಮತ್ತೆ ಹಾಕಿದರೆ, ಮುಂದಿನ ಸಲ ಯಾರು ಕೇಳುತ್ತಾರೆ? ಇರಾನ್ 2015ರಲ್ಲಿ ಅಣು ಕಾರ್ಯಕ್ರಮಕ್ಕೆ ಮಿತಿ ಒಪ್ಪಿಕೊಂಡಿತು, ಮರುವರ್ಷ ನಿರ್ಬಂಧ ಸಡಿಲವಾಯಿತು. ಆ ಅಕ್ಟೋಬರಿನಲ್ಲಿ ಮಂಗಳೂರಿನ ಬಂಡೆಯೊಳಗಿನ ತುರ್ತು ತೈಲ ಸಂಗ್ರಹಕ್ಕೆ ಇರಾನಿನ ಎಣ್ಣೆಯೇ ಬಂತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಎದ್ದು ನಡೆದು ನಿರ್ಬಂಧವನ್ನು ಮತ್ತೆ ಹಾಕಿತು, 2019ರ ಮೇ ಹೊತ್ತಿಗೆ ಭಾರತ ಇರಾನಿನಿಂದ ಎಣ್ಣೆ ಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷ ಇರಾನ್ ಕೂಡ ಒಪ್ಪಿಕೊಂಡಿದ್ದ ಮಿತಿಗಳನ್ನು ಒಂದೊಂದಾಗಿ ದಾಟಲು ಶುರುಮಾಡಿತು.