407ರ ಡಿಫ್ರೆನ್ಶಿಯಲ್ ಮನೆಯಂಗಳದಲ್ಲೇ ಇಳಿಸಿದೆ

ಅಡಿಕೆ ಹೇರಿಕೊಂಡು ಕುಮಟಾಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟದಲ್ಲಿ ನಮ್ಮ ಟಾಟಾ 407ರ ಹಿಂದಿನಿಂದ ಗುಂಯ್ ಅನ್ನುವ ಶಬ್ದ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಒಂದು ರಾಗ, ಬಿಟ್ಟರೆ ಇನ್ನೊಂದು. ಎರಡು ಮಳೆಗಾಲದ ಹಿಂದೆ ಇದೇ ಶಬ್ದ ಬಂದು ಡಿಫ್ರೆನ್ಶಿಯಲ್ (ಇಂಜಿನ್ನಿನ ಎಳೆತವನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಬದಲಿಸಿದ್ದೆವು. ಆಗ ಗ್ಯಾರೇಜಿನಲ್ಲಿ ಹಳೆಯದನ್ನು ಕಿತ್ತರು, ಬೇರೆಯದನ್ನು ಕೂರಿಸಿದರು, ಅಷ್ಟೇ. ಅದು ಕೂರುವ ಲೋಹದ ಗೂಡು, ಅಂದರೆ ಹೌಸಿಂಗ್ ಒಳಗೆ ಯಾರೂ ಕೈ ಹಾಕಿ ನೋಡಲಿಲ್ಲ. ಅದಕ್ಕೇ ಈ ಸಲ ಶಿರಸಿಯ ಮನೆಯಂಗಳದಲ್ಲಿ ನಾನೇ ಇಳಿಸಿದೆ.

ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆ. "ಗಾಡಿ ಗೇರಲ್ಲಿದ್ದು ಭಾವ, ಕಲ್ಲೆಂತಕ್ಕೆ?" ಅಂದ ಭಾವ. ಡಿಫ್ರೆನ್ಶಿಯಲ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ದಂಡ ಎಳೆದ ಮೇಲೆ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ನಮ್ಮ ಅಂಗಳವೋ ಇಳಿಜಾರು. ಅಲ್ವಾ?

ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ಬರುತ್ತದೆಯೇ ಎಂದು ನೋಡಿ, ಆಮೇಲೆ ಎಣ್ಣೆ ಬಿಡುವ ಕೆಳಗಿನ ಪ್ಲಗ್ ಬಿಚ್ಚಿದೆ. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಮತ್ತೆ ಎಣ್ಣೆ ಹಾಕುವುದೆಲ್ಲಿಂದ? ಈ ಗಾಡಿಯಲ್ಲಿ ಚಕ್ರ ಬಿಚ್ಚದೆಯೇ ಆಕ್ಸಲ್ ಹೊರಗೆ ಬರುತ್ತದೆ. ಚಕ್ರದ ನಡುವಿನ ಹಬ್‌ನ ನಟ್ ತೆಗೆದೆ, ಆಕ್ಸಲ್ ತುದಿಯ ಬಿಲ್ಲೆಗೆ, ಅಂದರೆ ಫ್ಲ್ಯಾಂಜಿಗೆ, ತಾಮ್ರದ ಸುತ್ತಿಗೆಯಿಂದ ಸುತ್ತ ತಟ್ಟಿದೆ, ಸಡಿಲಾಯಿತು. ಸಂದಿಗೆ ಉಳಿ ಹೊಡೆಯಬೇಡಿ. ಮುಖ ಗೀರಿದರೆ ಆಮೇಲೆ ಎಣ್ಣೆ ಸೋರುವುದು ನಿಲ್ಲುವುದಿಲ್ಲ. ಗೇರ್‌ಬಾಕ್ಸಿನಿಂದ ಡಿಫ್ರೆನ್ಶಿಯಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಫ್ಲ್ಯಾಂಜಿಗೆ ಬಣ್ಣದ ಗುರುತು ಹಾಕಿ ಬಿಚ್ಚಿದೆ. ಅದು ಅದೇ ಜಾಗಕ್ಕೇ ಕೂರಬೇಕು.

ಜಾಸ್ತಿ ಹೆದರಿಕೆ ಇದ್ದದ್ದು ಕೊನೆಯಲ್ಲಿ. ಡಿಫ್ರೆನ್ಶಿಯಲ್ ಒಬ್ಬರ ಕೈಗೆ ಸಿಗುವ ಭಾರವಲ್ಲ. ಟ್ರಾಲಿ ಜಾಕ್ ಮೇಲೆ ಹಲಗೆ ಇಟ್ಟು ಅಡಿಗೆ ಒತ್ತು ಕೊಟ್ಟೆವು. ಮೇಲಿನ ಎರಡು ನಟ್ ಬಿಟ್ಟು ಉಳಿದದ್ದೆಲ್ಲ ತೆಗೆದೆವು. ಆ ಎರಡನ್ನೂ ಸುಮ್ನೆ ನಾಲ್ಕು ಸುತ್ತು ಸಡಿಲಿಸಿದೆವು. ಕಟಕ್ ಎಂದು ಬಿಟ್ಟುಕೊಂಡಾಗ ಅವೇ ತಡೆದು ಹಿಡಿದವು. ಆಮೇಲೆ ನಿಧಾನಕ್ಕೆ ಇಳಿಸಿದೆವು.

ಕಾರಣ ಒಳಗೇ ಇತ್ತು. ಹೌಸಿಂಗ್ ತಳದಲ್ಲಿ ಬೂದು ಕೆಸರು, ಆಕ್ಸಲ್ ಕೊಳವೆಯ ಮೂಲೆಯಲ್ಲಿ ಗೇರ್ ಹಲ್ಲಿನ ಚೂರುಗಳು. ಈಗಿನ ಕ್ರೌನಿನ (ಒಳಗಿನ ದೊಡ್ಡ ಗೇರಿನ) ಒಂದು ಹಲ್ಲೂ ಮುರಿದಿರಲಿಲ್ಲ, ಬರೀ ಗುಳಿ ಬಿದ್ದಿದ್ದವು. ಅಂದರೆ ಆ ಚೂರು ಹಿಂದಿನದರದ್ದು. ಮೇಲಿನ ಬ್ರೀದರ್, ಅಂದರೆ ಗಾಳಿ ಹೋಗಿಬರುವ ಕಿಂಡಿ, ಕೆಮ್ಮಣ್ಣಿನಿಂದ ಪೂರ್ತಿ ಕಟ್ಟಿಕೊಂಡಿತ್ತು. ಬ್ರೀದರ್ ಕಟ್ಟಿದರೆ ಬಿಸಿಯಾದ ಗಾಳಿ ಸೀಲ್ ತಳ್ಳಿ ಎಣ್ಣೆ ಹೊರಹಾಕುತ್ತದೆ. ಕಾದ ಹೌಸಿಂಗ್ ಹಳ್ಳದ ನೀರಿಗಿಳಿದು ತಣ್ಣಗಾದರೆ ಅದೇ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ನಮ್ಮ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು.

ಇಡೀ ಮಧ್ಯಾಹ್ನ ತೊಳೆಯುವುದರಲ್ಲೇ ಹೋಯಿತು. ಕೋಲಿಗೆ ಬಟ್ಟೆ ಸುತ್ತಿ, ಡೀಸೆಲ್ ಹಾಕಿ, ಎರಡೂ ಕೊಳವೆ ಉಜ್ಜಿದೆ. ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಲಿಲ್ಲ. ಹೊಸದು ಕೂರಿಸುವ ಮುಂಚೆ ಹಳೆಯದರ ಹಲ್ಲನ್ನೂ ಹೊಸದರ ಹಲ್ಲನ್ನೂ ಎಣಿಸಿದೆ. ಕ್ರೌನ್ 41, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್ 8 ಇದ್ದರೆ ಎರಡರ ಅನುಪಾತ, ಅಂದರೆ ರೇಶಿಯೋ 5.125. ಇದು ಬೇರೆಯಾದರೆ ಘಟ್ಟ ಹತ್ತುವ ಎಳೆತವೂ ಬದಲಾಗುತ್ತದೆ. ಎರಡರದ್ದೂ ಒಂದೇ ಬಂತು.

ಅಷ್ಟೊತ್ತಿಗೆ ಕತ್ತಲಾಗಿತ್ತು. ಹೌಸಿಂಗ್ ಬಾಯಿಗೆ ತೊಳೆದ ಪಂಚೆ ಕಟ್ಟಿಟ್ಟು, ಕೂರಿಸುವುದನ್ನು ಬೆಳಗಿನ ಬೆಳಕಿಗೆ ಇಟ್ಟುಕೊಂಡೆವು.