‘ಶ್ಯೂರ್ಲಿ’ಗೆ ‘ಖಂಡಿತ’ ಬಿಟ್ಟು ‘ಅಲ್ವಾ’ ಹಿಡಿದ ಮೇಲೆ

ಇಂಗ್ಲಿಷ್ ಕ್ಲಾಸಿನಲ್ಲಿ ‘ಶ್ಯೂರ್ಲಿ’ (surely) ಎದುರಿಗೆ ‘ಖಂಡಿತ’ ಅಂತ ಬರೆಸೋದನ್ನು ನಿಲ್ಲಿಸಿದ ಮೇಲೇ, ಆ ಪದವನ್ನು ಎಲ್ಲೆಂದರಲ್ಲಿ ಇಡುವ ತಪ್ಪು ಬಹುಪಾಲು ತೊಲಗಿದ್ದು. ಕ್ಲಾಸಿನಲ್ಲಿ ಕನ್ನಡ ತಂದರೆ ಇಂಗ್ಲಿಷ್ ನಾಲಿಗೆಗೆ ಹತ್ತೋದಿಲ್ಲ ಅಂತ ದಾವಣಗೆರೆಯ ಕೋಚಿಂಗ್ ಬಳಗದಲ್ಲಿ ಸುಮಾರು ಜನ ತಲೆ ಅಲ್ಲಾಡಿಸಿದ್ದರು. ಈಗ 25 ಜನರ ಬ್ಯಾಚಿನಲ್ಲಿ 19–20 ಮಂದಿ ಈ ಪದವನ್ನು ಜಾಗ ನೋಡಿ ಇಡುತ್ತಾರೆ. ಮೊದಲು 5–6 ಮಂದಿ ಇದ್ದರೆ ಹೆಚ್ಚು.

ಮೊದಲು ದುಡ್ಡು ಹೋಗಿದ್ದು ಕಾರ್ಡುಗಳಿಗೆ, ಮುಂದೆ ಇಂಗ್ಲಿಷ್ ಪದ, ಬೆನ್ನಿಗೆ ಕನ್ನಡ ಅರ್ಥ. 60 ಕಾರ್ಡಿನ ಸೆಟ್, ಲ್ಯಾಮಿನೇಶನ್ ಸೇರಿ 2,000 ರೂಪಾಯಿ ಹತ್ತಿರ. ಶ್ಯೂರ್ಲಿ, ಸರ್ಟನ್ಲಿ, ಡೆಫಿನಿಟ್ಲಿ, ಮೂರರ ಬೆನ್ನಿಗೂ ‘ಖಂಡಿತ’. ಆದ್ದರಿಂದ ಕಲಿಯುವವರು ಮೂರನ್ನೂ ಅದಲು ಬದಲು ಮಾಡಿದರು. ‘ಭದ್ರಾ ನಾಲೆಗೆ ನೀರು ಬಂದೇ ಬರುತ್ತೆ’ ಅನ್ನೋಕೆ ‘ಶ್ಯೂರ್ಲಿ ದಿ ವಾಟರ್ ವಿಲ್ ಕಮ್’ ಅಂದರೆ, ಕೇಳುವ ಕಿವಿಗೆ ‘ನೀರು ಬರುತ್ತೆ ಅಲ್ವಾ?’ ಅಂತ ಬೀಳುತ್ತೆ. ನಂಬಿಕೆ ಇದೆ, ಕೈಯಲ್ಲಿ ಖಾತ್ರಿ ಇಲ್ಲ, ಎದುರಿನವರು ಹೂಂ ಅನ್ನಲಿ ಅನ್ನೋ ಆಸೆ.

ಹಾಗಾಗಿ ಪದಕ್ಕೆ ಪದ ಬಿಟ್ಟು ಕನ್ನಡ ವಾಕ್ಯದ ಬಾಲ ಹಿಡಿಸಿದೆ. ಮೊದಲ 10 ನಿಮಿಷ ಬರೀ ಕನ್ನಡ. ಬಾಲದಲ್ಲಿ ‘ಅಲ್ವಾ’ ಕೂತರೆ ಶ್ಯೂರ್ಲಿ, ಅದೂ ವಾಕ್ಯದ ತಲೆಯಲ್ಲಿ. ಕ್ರಿಯಾಪದ ‘ಬಂದೇ ಬರುತ್ತೆ’, ‘ಮಾಡೇ ಮಾಡ್ತೀನಿ’ ಅಂತ ಜೋಡಿಯಾದರೆ ಸರ್ಟನ್ಲಿ ಅಥವಾ ಡೆಫಿನಿಟ್ಲಿ. ಇವು ‘ವಿಲ್’ ಆದ ಮೇಲೆ ಬರುತ್ತವೆ, ‘ವೋಂಟ್’ ಇದ್ದರೆ ಅದಕ್ಕಿಂತ ಮೊದಲು: ‘ವಿಲ್ ಸರ್ಟನ್ಲಿ ಕಮ್’, ‘ಸರ್ಟನ್ಲಿ ವೋಂಟ್ ಕಮ್’. ಇಲ್ಲಿ ಎಡವದ ಬ್ಯಾಚೇ ಇಲ್ಲ.

ಪರೀಕ್ಷೆಗೆ ಒಂದೇ ಜೋಡಿ ಸಾಕು. ‘ಸರ್ಟನ್ಲಿ ನಾಟ್’ ಅಂದರೆ ‘ಆಗೋದೇ ಇಲ್ಲ’. ‘ಶ್ಯೂರ್ಲಿ ನಾಟ್’ ಅಂದರೆ ‘ಛೇ, ಹಾಗಿರಲಾರದು!’ ಒಂದು ಬಾಗಿಲು ಹಾಕುತ್ತೆ, ಇನ್ನೊಂದು ಬೆರಗಾಗುತ್ತೆ. ಇಂಟರ್‌ವ್ಯೂನಲ್ಲಿ ‘ಸೋಮವಾರ ಸೇರ್ತೀರಾ?’ ಅಂದಾಗ ಬರೀ ‘ಶ್ಯೂರ್ಲಿ’ ಅನ್ನೋದು ನಮ್ಮ ಕಡೆ ರೂಢಿ, ಅದರ ಬದಲು ‘ಸರ್ಟನ್ಲಿ’ ಅಂತ ಹೇಳಿಸಿ. ಗೆಳೆಯರ ನಡುವೆ ‘ಶ್ಯೂರ್’ ಸಾಕು, ನಮ್ಮ ‘ಅದಕ್ಕೇನಂತೆ’ ಇದ್ದ ಹಾಗೆ. ಅಭ್ಯಾಸದ ವಾಕ್ಯಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅನ್ನೋದೇ ಇದರ ಜೀವ, ಅದನ್ನು ಇಲ್ಲಿ ಬರೆಯೋದಿಲ್ಲ.

ನಡುವೆ ‘ಖಂಡಿತ’ದ ಬೆನ್ನು ಹತ್ತಿದ್ದೂ ಉಂಟು. ಸಂಸ್ಕೃತದಲ್ಲಿ ಅದು ‘ತುಂಡಾದದ್ದು’. ಕನ್ನಡಕ್ಕೆ ಬಂದು ನಿಶ್ಚಯವಾಯಿತು, ‘ಕಡ್ಡಿ ಮುರಿದ ಹಾಗೆ’ ಹೇಳೋದೂ ಅದೇ ಜಾಡು. ಇಂಗ್ಲಿಷಿನ ‘ಡಿಸೈಡ್’ ಕೂಡ ಲ್ಯಾಟಿನ್‌ನಲ್ಲಿ ‘ಕತ್ತರಿಸಿ ಹಾಕು’. ಇದನ್ನು ಹೇಳಿದ ದಿನ ಹಿಂದಿನ ಬೆಂಚೂ ನೆಟ್ಟಗೆ ಕೂರುತ್ತೆ.

ಇನ್ನೊಂದು ಪ್ರಯೋಗ ಪೂರಾ ಗೆದ್ದಿತು. ‘ಹಿ ಈಸ್ ಶ್ಯೂರ್ ಆಫ್ ವಿನ್ನಿಂಗ್’: ಗೆಲ್ತೀನಿ ಅನ್ನೋ ಭರವಸೆ ಅವನದು. ‘ಹಿ ಈಸ್ ಶ್ಯೂರ್ ಟು ವಿನ್’: ಭರವಸೆ ಹೇಳುವವರದು, ಅವನಿಗೆ ಇರಲಿ ಬಿಡಲಿ. ‘ಯಾರ ನಂಬಿಕೆ?’ ಅಂತ ಕೇಳಿದರೆ ಸಾಕು, ಉತ್ತರ ತಾನಾಗಿ ಬರುತ್ತೆ.

ಊಹೆ ಹೇಳೋಕೆ ಬಳಸುವ ‘ಮಸ್ಟ್’ ಮಾತ್ರ ಕೈಕೊಟ್ಟಿದೆ. ‘ಮನೇಲಿರಬೇಕು’ ಅನ್ನೋದರಲ್ಲಿ ಅನುಮಾನ ಉಳಿದಿರುತ್ತೆ, ‘ಮಸ್ಟ್ ಬಿ ಎಟ್ ಹೋಮ್’ ಹೆಚ್ಚು ಗಟ್ಟಿ. ಅದಕ್ಕೆ ‘ಇರಲೇಬೇಕು’ ಹಚ್ಚಿ ನೋಡ್ತಿದ್ದೇನೆ, ಇದು ಎರಡನೇ ಬ್ಯಾಚು. ಈಗಿನ ಖರ್ಚು ಸೀಮೆಸುಣ್ಣ, 12 ಹಾಳೆ ಜೆರಾಕ್ಸ್.